ಪುವಾವಿಯ ಉದ್ಯಾನ

ಪೋಲೆಂಡ್ ದೇಶದ ಇಜಬೆಲಾ ಚಾರ್ಟೋರಿಸ್ಕಾ ಎಂಬ ಸಿರಿವಂತ ಸರದಾರ ಮನೆತನದ ಮಹಿಳೆಯನ್ನು ಉದ್ಯಾನಪ್ರಿಯೆ ಎಂದಷ್ಟೇ ಹೇಳಿ ಮುಗಿಸುವುದುಂಟು. ಆಕೆಯ ಜೀವಿತದ ಪೂರ್ವಾರ್ಧಕ್ಕೆ ಈ ಮಾತು ಸಲ್ಲುತ್ತದೆ, ಉತ್ತರಾರ್ಧಕ್ಕೆ ಸಾಲದು.

ವಾರ್ಸಾ ಸಮೀಪದ ಪೊವೊಂಜ್ಕಿಯಲ್ಲಿ ಆಕೆ ಮೊದಲು ರಚಿಸಿದ ವನದಲ್ಲಿ ಹೊರಗೆ ಹಳ್ಳಿಯ ಗುಡಿಸಲಿನಂತೆ ತೋರುವ, ಒಳಗೆ ಸಕಲ ವೈಭವಗಳಿಂದ ಕೂಡಿದ ಮನೆಗಳಿದ್ದವು. ಜೀತದ ರೈತರು ನಿಜವಾದ ಗುಡಿಸಲುಗಳಲ್ಲಿ ಬಾಳುತ್ತಿದ್ದ ನಾಡಿನಲ್ಲಿ ಇದನ್ನು ಸಿರಿವಂತರ ಆಟವೆನ್ನದೆ ಗತ್ಯಂತರವಿಲ್ಲ.

1794ರ ದಂಗೆಯ ಕಾಲದಲ್ಲಿ ಆ ವನ ಹಾಳಾಯಿತು. ವಿಸ್ತುಲಾ ನದೀತೀರದ ಪುವಾವಿಯಲ್ಲಿದ್ದ ಅರಮನೆಯನ್ನು ರಷ್ಯದ ಸೈನ್ಯವು ಸೂರೆಗೈದಿತು. ಮರುವರ್ಷ ಪೋಲೆಂಡ್ ರಾಜ್ಯವೇ ಭೂಪಟದಿಂದ ಅಳಿಸಿಹೋಯಿತು. ಇಜಬೆಲಾ ಪುವಾವಿಯ ಉದ್ಯಾನವನ್ನು ಮತ್ತೆ ಕಟ್ಟಿದಳು. ಆದರೆ ಈ ಸಲ ವಿಹಾರಕ್ಕಾಗಿ ಮಾತ್ರವಲ್ಲ. 1801ರಲ್ಲಿ ಅಲ್ಲಿ ಸಿಬಿಲ್ಲಾ ಮಂದಿರವೆಂಬ ದುಂಡನೆಯ ಕಟ್ಟಡವನ್ನು ತೆರೆದು, ನಾಡಿನ ಅರಸರ ಹಾಗೂ ವೀರರ ಸ್ಮಾರಕವಸ್ತುಗಳನ್ನು ಅದರೊಳಗೆ ಕಾಪಾಡಿದಳು. ಭೂತಕಾಲವು ಭವಿಷ್ಯಕ್ಕೆ ಅರ್ಪಿತವೆಂಬ ಅರ್ಥದ ಶಾಸನ ಅದರ ಬಾಗಿಲ ಮೇಲಿತ್ತು. ಪೋಲೆಂಡಿನ ಪ್ರಥಮ ವಸ್ತುಸಂಗ್ರಹಾಲಯವೆಂದು ಅದು ಪ್ರಸಿದ್ಧವಾಗಿದೆ.

ಭಾಷೋಪಾಧ್ಯಾಯರು ಲಕ್ಷ್ಯವಿಡತಕ್ಕ ಸಂಗತಿ ಇನ್ನೊಂದಿದೆ. ಅಲ್ಲಿನ ಕುಲೀನರಿಗೆ ಫ್ರೆಂಚ್ ಭಾಷೆಯೇ ಪ್ರತಿಷ್ಠೆಯಾಗಿದ್ದ ಕಾಲದಲ್ಲಿ ಆಕೆ ಉದ್ಯಾನರಚನೆಯ ಕುರಿತ ತನ್ನ ಗ್ರಂಥವನ್ನು 1805ರಲ್ಲಿ ಪ್ರಕಟಿಸಿದ್ದು ಪೋಲಿಷ್ ಭಾಷೆಯಲ್ಲಿ! ಮುಂದೆ ಹಳ್ಳಿಗರಿಗಾಗಿ ದೇಶದ ಇತಿಹಾಸವನ್ನೂ ಕಥಾರೂಪದಲ್ಲಿ ಬರೆದಳು. ಗುಡಿಸಲಿನ ಆಟವಾಡಿದ ಕೈಯೇ ಗುಡಿಸಲಿನ ಮಕ್ಕಳಿಗೆ ಪಾಠ ಬರೆದದ್ದು ಸಾಮಾನ್ಯ ಪರಿವರ್ತನೆಯಲ್ಲ.

1830ರ ದಂಗೆಯು ವಿಫಲವಾದ ಮೇಲೆ ರಷ್ಯದ ಸರ್ಕಾರವು ಪುವಾವಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಎಂಬತ್ತು ದಾಟಿದ್ದ ಆಕೆ ಬೇರೆಡೆಗೆ ತೆರಳಿ 1835ರಲ್ಲಿ ತೀರಿಕೊಂಡಳು. ಸಂಗ್ರಹದ ಬಹುಭಾಗ ಪ್ಯಾರಿಸ್ ಸೇರಿ, ದಶಕಗಳ ಅನಂತರ ಕ್ರಾಕೋವ್ ನಗರಕ್ಕೆ ಬಂದಿತು. ಉದ್ಯಾನ ಮಾತ್ರ ನದೀತೀರದಲ್ಲಿಯೇ ಉಳಿಯಿತು.