ಮರಳಿ ಮರಳಿ ಹತ್ತುವ ದೀಪ

ಹಾಸನದ ಕಡೆಯ ಚಂದಾದಾರರೊಬ್ಬರು ಈ ಅಂಕಣಕ್ಕೆ ಒಂದು ಪತ್ರವನ್ನು ಬರೆದಿರುವರು. ಅವರ ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವು ನಾಲ್ಕು ತಿಂಗಳಿಂದ ಹತ್ತುತ್ತಲಿದೆ. ಗ್ಯಾರೇಜಿನವರು ಮೂರಾವರ್ತಿ ಅದನ್ನು ಆರಿಸಿ ಕಳುಹಿಸಿದರು. ಒಮ್ಮೆ ಆಕ್ಸಿಜನ್ ಸೆನ್ಸರನ್ನೂ ಬದಲಾಯಿಸಿದರು. ವಾರ ಕಳೆಯುವುದರೊಳಗೆ ದೀಪವು ಪುನಃ ಪ್ರತ್ಯಕ್ಷ! ಈಗ ಕ್ಯಾಟಲಿಟಿಕ್ ಕನ್ವರ್ಟರನ್ನೇ ಬದಲಾಯಿಸಬೇಕೆಂದು ಹೇಳಿ, ಪತ್ರಲೇಖಕರ ಎರಡು ತಿಂಗಳ ಪಿಂಚಣಿಯಷ್ಟು ಹಣವನ್ನು ಕೇಳುತ್ತಿರುವರಂತೆ. ವೃದ್ಧೆಯಾದ ತಾಯಿಯವರನ್ನು ವಾರಕ್ಕೆರಡು ಬಾರಿ ಆಸ್ಪತ್ರೆಗೆ ಕರೆದೊಯ್ಯತಕ್ಕ ವಾಹನವಾದುದರಿಂದ, ನಡುದಾರಿಯಲ್ಲಿ ನಿಂತೀತೆಂಬ ಭಯ ಬೇರೆ. ಈ ದೀಪವನ್ನು ನಂಬುವುದೋ ಬಿಡುವುದೋ ಎಂಬುದೇ ಅವರ ಪ್ರಶ್ನೆ.

ನಂಬತಕ್ಕದ್ದೇ ಸರಿ. ಆದರೆ ದೀಪವು ನುಡಿಯದುದನ್ನು ನುಡಿಯಿತೆಂದು ಭಾವಿಸಲಾಗದು. ಕಾರಿನೊಳಗಿನ ಪುಟ್ಟ ಕಂಪ್ಯೂಟರು ಎಂಜಿನ್ನಿನ ನಡೆಯನ್ನು ಸದಾ ಪರೀಕ್ಷಿಸುತ್ತಿರುವುದಷ್ಟೆ. ಹೆಚ್ಚಿನ ದೋಷಗಳು ಒಂದರ ಹಿಂದೊಂದು ಎರಡು ಪ್ರಯಾಣಗಳಲ್ಲಿ ಕಂಡುಬಂದಲ್ಲಿ ಮಾತ್ರ ಅದು ದೀಪವನ್ನು ಹತ್ತಿಸಿ, ಐದು ಅಕ್ಷರಾಂಕಗಳ ಒಂದು ಸಂಜ್ಞೆಯನ್ನು ಬರೆದಿಡುವುದು. ಅಮೆರಿಕ ದೇಶದಲ್ಲಿ 1996ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದ ಈ ವ್ಯವಸ್ಥೆಯು ಈಗ ನಮ್ಮ ಕಾರುಗಳಲ್ಲಿಯೂ ಇರುವುದು. ಸ್ಟಿಯರಿಂಗಿನ ಕೆಳಗಡೆ 16 ಪಿನ್ನುಗಳ ಒಂದು ಕನೆಕ್ಟರಿದ್ದು, ಅದಕ್ಕೆ ಸ್ಕ್ಯಾನರನ್ನು ಜೋಡಿಸಿ ಸಂಜ್ಞೆಯನ್ನು ಓದುವರು.

ಪತ್ರಲೇಖಕರು ಕಳುಹಿಸಿರುವ ಚೀಟಿಗಳಲ್ಲಿ ಮೂರು ಸಲವೂ ಪಿ 0171 ಎಂದೇ ಇರುವುದು. ಸಂಸ್ಕೃತ ಓದಿದವರಿಗೆ ಇಂಥ ಸಂಜ್ಞೆಗಳು ಅಪರಿಚಿತವೆನಿಸವು. ಒಂದೊಂದು ಅಕ್ಷರಕ್ಕೂ ಅರ್ಥವುಂಟು. ಪಿ ಎಂದರೆ ಎಂಜಿನ್ ಮೊದಲಾದ ಚಾಲಕಭಾಗ. ಸೊನ್ನೆಯೆಂದರೆ ಎಲ್ಲ ತಯಾರಕರಿಗೂ ಸಾಮಾನ್ಯವಾದ ಸಂಜ್ಞೆ. ಮುಂದಿನ ಅಂಕಿ 1 ಆದರೆ ಗಾಳಿ ಇಂಧನಗಳ ವಿಷಯ, 3 ಆದರೆ ಕಿಡಿಯ ವಿಷಯ, 4 ಆದರೆ ಹೊಗೆಶುದ್ಧಿಯ ವಿಷಯ. ಪಿ 0171ರ ಅರ್ಥವಿಷ್ಟೆ: ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ, ಇಲ್ಲವೆ ಪೆಟ್ರೋಲ್ ಸಾಲದು. ತೂಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿಯಿರಬೇಕು. ಇದರಲ್ಲಿ ಸೆನ್ಸರ್ ಕೆಟ್ಟಿದೆಯೆಂಬ ಮಾತೆಲ್ಲಿದೆ? ಕಂಡುದನ್ನು ಕಂಡಂತೆ ನುಡಿದ ಸಾಕ್ಷಿಯನ್ನೇ ಹೊರಗಟ್ಟಿದಂತಾಯಿತು! ಕನ್ವರ್ಟರು ಕೆಟ್ಟಿದ್ದರೆ ಸಾಮಾನ್ಯವಾಗಿ ಪಿ 0420 ಬರಬೇಕಾಗಿದ್ದಿತು. ಅದು ಒಮ್ಮೆಯೂ ಬಂದಿಲ್ಲ. ಆದಕಾರಣ ಆ ದೊಡ್ಡ ಮೊತ್ತವನ್ನು ಈಗಲೇ ತೆರಲು ಹೇತುವಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಸಂಜ್ಞೆಯನ್ನು ಅಳಿಸಗೊಡಬಾರದು. ದೋಷ ಕಂಡ ಕ್ಷಣದಲ್ಲಿ ಎಂಜಿನ್ನಿನ ವೇಗವೆಷ್ಟು, ಶಾಖವೆಷ್ಟು, ಭಾರವೆಷ್ಟು ಎಂಬುದನ್ನೂ ಕಂಪ್ಯೂಟರು ಬರೆದಿಟ್ಟಿರುವುದು. ಅಳಿಸಿದೊಡನೆ ಅದೂ ಹೋಗುವುದು. ರೋಗಿಯ ನಾಡಿಯನ್ನು ಬರೆದಿಟ್ಟ ಚೀಟಿಯನ್ನು ವೈದ್ಯನೇ ಹರಿದೆಸೆದಂತೆ. ಬ್ಯಾಟರಿಯ ತಂತಿಯನ್ನು ಕಳಚುವುದೂ ಬಹುಮಟ್ಟಿಗೆ ಇದೇ ಫಲವನ್ನು ಕೊಡುವುದು.

ಎರಡನೆಯದು ಮುಖ್ಯವಾದ ಪರೀಕ್ಷೆ. ಕಂಪ್ಯೂಟರು ಪೆಟ್ರೋಲನ್ನು ಎಷ್ಟು ಪಾಲು ಹೆಚ್ಚಿಸಿ ಕೊಡುತ್ತಿದೆಯೆಂಬುದನ್ನು ಸ್ಕ್ಯಾನರಿನಲ್ಲಿ ಶೇಕಡಾ ಲೆಕ್ಕದಲ್ಲಿ ನೋಡಬಹುದು. ಇದಕ್ಕೆ ಫ್ಯೂಯೆಲ್ ಟ್ರಿಮ್ ಎಂದು ಹೆಸರು. ಎಂಜಿನ್ ಐಡಲ್‌ನಲ್ಲಿರುವಾಗ ಒಮ್ಮೆ, ನಿಮಿಷಕ್ಕೆ 2500 ಸುತ್ತುಗಳಲ್ಲಿ ಒಮ್ಮೆ ಇದನ್ನು ಓದಬೇಕು. ಐಡಲ್‌ನಲ್ಲಿ ಶೇಕಡಾ 25ರಷ್ಟಿದ್ದು, ವೇಗ ಹೆಚ್ಚಿದಾಗ ಸೊನ್ನೆಯ ಸಮೀಪಕ್ಕಿಳಿದರೆ, ಎಲ್ಲಿಯೋ ರಬ್ಬರ್ ಹೋಸ್ ಸೀಳಿ ಅಥವಾ ಗ್ಯಾಸ್ಕೆಟ್ ಸಡಿಲಿಸಿ, ಅಳತೆಗೆ ಸಿಕ್ಕದ ಗಾಳಿ ಒಳನುಗ್ಗುತ್ತಿದೆಯೆಂದು ತಿಳಿಯಬಹುದು. ಹೇಗೆಂದರೆ, ಎಂಜಿನ್ ಹೆಚ್ಚು ಉಸಿರಾಡುವಾಗ ಆ ರಂಧ್ರದ ಪಾಲು ಅಲ್ಪವಾಗುವುದು. ವೇಗದೊಡನೆ ಅಂಕಿಯೂ ಏರಿದರೆ, ಪೆಟ್ರೋಲ್ ಫಿಲ್ಟರು, ಪಂಪು, ಇಲ್ಲವೆ ಗಾಳಿಯನ್ನಳೆಯುವ ಸೆನ್ಸರಿನ ಕೊಳೆಯನ್ನು ಶಂಕಿಸಬೇಕು. ಒಳಸೇರುವ ಗಾಳಿಯನ್ನು ನೇರವಾಗಿ ಅಳೆಯುವ ಕಾರುಗಳಲ್ಲಿ ಈ ಪರೀಕ್ಷೆ ಸ್ಪಷ್ಟ. ಒತ್ತಡವನ್ನಷ್ಟೇ ಅಳೆಯುವ ಕಾರುಗಳಲ್ಲಿ ಅಷ್ಟು ಸ್ಪಷ್ಟವಿರದು.

ರಂಧ್ರವನ್ನು ಹುಡುಕಲು ಒಳ್ಳೆಯ ಗ್ಯಾರೇಜುಗಳಲ್ಲಿ ಗಾಳಿಯ ಕೊಳವೆಯೊಳಕ್ಕೆ ಹೊಗೆಯನ್ನು ಊದುವರು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ನಮ್ಮ ತಾರ್ಕಿಕರ ಹಳೆಯ ಉದಾಹರಣೆ. ಇಲ್ಲಿಯಾದರೋ ಹೊಗೆ ಹೊರಬಂದೆಡೆಯಲ್ಲಿ ಸೀಳನ್ನೇ ಕಣ್ಣಾರೆ ಕಾಣಬಹುದು, ಅನುಮಾನಕ್ಕೆ ಎಡೆಯೇ ಇಲ್ಲ.

ಎಂಜಿನ್ ಮಿಸ್ ಹೊಡೆಯುವ ಕಾರಿನವರಿಗೂ ಒಂದು ಮಾತು. ಪಿ 0301 ಎಂದರೆ ಒಂದನೆಯ ಸಿಲಿಂಡರಿನಲ್ಲಿ ದೋಷ. ಅದರ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದರದನ್ನು ಇದಕ್ಕೂ ಹಾಕಿ ಓಡಿಸಿ ನೋಡಬೇಕು. ಸಂಜ್ಞೆಯು ಪಿ 0303 ಎಂದು ಬದಲಾದರೆ ದೋಷ ಕಾಯಿಲಿನದೇ. ಬದಲಾಗದಿದ್ದರೆ ಪ್ಲಗ್ಗು ಮೊದಲಾದವುಗಳನ್ನು ನೋಡಬೇಕು. ಅನ್ವಯವ್ಯತಿರೇಕವೆಂದರೆ ಇದೇ, ಖರ್ಚು ಕಾಸಿಲ್ಲ.

ರಿಪೇರಿಯಾದ ಬಳಿಕ ದೋಷವಿಲ್ಲದೆ ಮೂರು ಪ್ರಯಾಣಗಳು ಕಳೆದರೆ ದೀಪವು ತಾನಾಗಿಯೇ ಆರುವುದು.

ಇನ್ನು ತಾಯಿಯವರ ಪ್ರಯಾಣದ ವಿಚಾರ. ದೀಪವು ಹಳದಿಯಾಗಿ ಸ್ಥಿರವಾಗಿದ್ದು, ಎಂಜಿನ್ ನಯವಾಗಿ ಓಡುತ್ತಿದ್ದರೆ, ಆಸ್ಪತ್ರೆಗೆ ಹೋಗಿಬರಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ತಪಾಸಣೆಯನ್ನು ಮಾತ್ರ ಮುಂದೂಡಬಾರದು. ಅದೇ ದೀಪವು ಮಿಟುಕತೊಡಗಿದರೆ, ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಉರಿದು ಅದನ್ನು ಸುಡುತ್ತಿರುವುದೆಂದು ತಿಳಿದು, ವೇಗವನ್ನು ತಗ್ಗಿಸಿ, ಸುರಕ್ಷಿತವಾದ ಕಡೆಯಲ್ಲಿ ನಿಲ್ಲಿಸಿ, ತಾಯಿಯವರಿಗೆ ಆಟೋ ಕರೆಯಿಸಬೇಕು. ಆಯಿಲಿನ ಅಥವಾ ಶಾಖದ ಕೆಂಪು ದೀಪ ಹತ್ತಿದರಂತೂ ಎಂಜಿನ್ನನ್ನು ಕೂಡಲೇ ಆರಿಸತಕ್ಕದ್ದು.