ಎರಡನೇ ಸಲದ ಸಿಮೆಂಟು

“ಇದೂ ಹದಿನೈದು ವರ್ಷ ಬರುತ್ತೇನೋ?”

ತ್ರಿಪ್ಲಿಕೇನ್‌ನಲ್ಲಿ ಮಗನ ಮನೆಯಲ್ಲಿರುವ ದೊಡ್ಡಮ್ಮ ನನ್ನನ್ನು ಕೇಳಿದ್ದು ಇದೊಂದೇ ಪ್ರಶ್ನೆ. 2008ರಲ್ಲಿ ಮೈಸೂರಿನಲ್ಲಿ ಹಾಕಿಸಿದ್ದ ಸೊಂಟದ ಕೃತಕ ಕೀಲು ಸಡಿಲವಾಗಿತ್ತು. ಪಾರ್ಥಸಾರಥಿ ಗುಡಿಗೆ ಹೋಗುವುದು ನಿಂತು, ಬಚ್ಚಲಿಗೆ ಹೋಗಲೂ ಸೊಸೆಯ ತೋಳು ಬೇಕಾಗಿತ್ತು. ಮತ್ತೆ ಆಪರೇಷನ್ ಆಗಬೇಕು ಎಂದರು ಡಾಕ್ಟರು.

ಮೂಳೆಗೆ ಹಾಕುವ ಸಿಮೆಂಟು ಅಂಟು ಎಂದುಕೊಂಡಿದ್ದೆ. ಅಲ್ಲವಂತೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ದಂತವೈದ್ಯರು ಬಳಸುತ್ತಿದ್ದ ಆಕ್ರಿಲಿಕ್ಕನ್ನು ಕೀಲಿನ ಕೆಲಸಕ್ಕೆ ತಂದರು. 1962ರಲ್ಲಿ ಅವರು ರೂಪಿಸಿದ ಕೀಲಿನ ಮಾದರಿಯೇ ಇಂದಿನವಕ್ಕೆ ಬುನಾದಿ. ಮೆತ್ತಗಿರುವಾಗ ಇದು ಸ್ಪಂಜಿನಂಥ ಮೂಳೆಯ ಸಂದುಗಳಿಗೆ ಇಳಿಯುತ್ತದೆ, ಗಟ್ಟಿಯಾದ ಮೇಲೆ ಕಚ್ಚಿಕೊಂಡು ನಿಲ್ಲುತ್ತದೆ.

ತೊಡಕಿರುವುದು ಎರಡನೇ ಸಲ. ಪ್ಲಾಸ್ಟಿಕ್ ಬಟ್ಟಲು ಸವೆದು ಉದುರಿದ ಸಣ್ಣ ಪುಡಿಗೆ ದೇಹ ತೋರುವ ಪ್ರತಿಕ್ರಿಯೆಯಿಂದ ಸುತ್ತಲಿನ ಮೂಳೆ ಕರಗಿರುತ್ತದೆ. ಸ್ಪಂಜು ಹೋಗಿ ಒಳಮೈ ನುಣುಪಾಗಿರುತ್ತದೆ. ನುಣುಪು ಗೋಡೆಗೆ ಗಾರೆ ಹಿಡಿಯುವುದಿಲ್ಲವಲ್ಲ, ಹಾಗೇ. ಅದಕ್ಕೇ ಎರಡನೆಯದು ಮೊದಲಿನಷ್ಟು ಬಾಳುತ್ತದೆಂದು ಹೇಳಲಾಗದು. ಸೋಂಕು ತಗಲುವ, ಕೀಲು ಜಾರುವ ಭಯವೂ ಹೆಚ್ಚು. ಈಗ ಅನೇಕ ಡಾಕ್ಟರುಗಳು ಎರಡನೇ ಸಲ ಸಿಮೆಂಟಿಲ್ಲದ ಕೀಲನ್ನೇ ಆರಿಸಿಕೊಳ್ಳುತ್ತಾರೆ.

ಹಾಗೆಂದು ಸಿಮೆಂಟಿಗೆ ಜಾಗವೇ ಇಲ್ಲವೆಂದಲ್ಲ. ಕರಗಿದ ಕಡೆ ದಾನವಾಗಿ ಬಂದ ಮೂಳೆಯ ಚೂರುಗಳನ್ನು ಒತ್ತಿ ತುಂಬಿ, ಅದರ ಮೇಲೆ ಸಿಮೆಂಟು ಹಾಕುವ ಕ್ರಮವಿದೆ. ದೊಡ್ಡಮ್ಮನಿಗೆ ಮಾಡಿದ್ದು ಅದನ್ನೇ. ಮೊದಲು ಕೀಲಿನ ನೀರು ತೆಗೆದು, ಸೋಂಕಿಲ್ಲವೆಂದು ಖಚಿತಪಡಿಸಿಕೊಂಡರು. ಸಡಿಲವಾಗಿದ್ದು ಬಟ್ಟಲು ಮಾತ್ರ, ತೊಡೆಮೂಳೆಯೊಳಗಿನ ಕಂಬಿ ಭದ್ರವಾಗಿತ್ತು.

“ಕಂಬಿ ಯಾವ ಕಂಪನಿಯದು, ಯಾವ ಅಳತೆ?” ಎಂದು ಡಾಕ್ಟರು ಕೇಳಿದಾಗ ಎಲ್ಲರೂ ಮುಖಮುಖ ನೋಡಿಕೊಂಡೆವು. ಉಳಿಸಿದ ಕಂಬಿಯ ತುದಿಗೆ ಹೊಸ ಗುಂಡು ಸರಿಯಾಗಿ ಕೂರಬೇಕು. ಅದು ಗೊತ್ತಿಲ್ಲದಿದ್ದರೆ ಗಟ್ಟಿಯಾಗಿರುವ ಕಂಬಿಯನ್ನೂ ಕೀಳಬೇಕಾದೀತು. ಮೈಸೂರಿನ ಮನೆ ಖಾಲಿ ಮಾಡುವಾಗ ಹಳೆಯ ಕಾಗದವೆಲ್ಲ ರದ್ದಿಗೆ ಹೋಗಿದ್ದವು. ಪುಣ್ಯಕ್ಕೆ ಚಿಕ್ಕಪ್ಪನ ಅಟ್ಟದ ಮೇಲಿನ ಟ್ರಂಕಿನಲ್ಲಿ ಆ ಫೈಲು ಸಿಕ್ಕಿತು. ಒಳಗೆ ಅಂಟಿಸಿದ್ದ ಪುಟ್ಟ ಸ್ಟಿಕ್ಕರಿನಲ್ಲಿ ಎಲ್ಲವೂ ಇತ್ತು.

ಈಗ ವರ್ಷವಾಯಿತು. ದೊಡ್ಡಮ್ಮ ಕೋಲು ಹಿಡಿದು ಗುಡಿಗೆ ಹೋಗುತ್ತಾರೆ. ನೆಲದ ಮೇಲೆ ಕೂರುವಂತಿಲ್ಲ. ಒಂದು ಕಾಲು ತುಸು ಗಿಡ್ಡವಾಗಿ, ಚಪ್ಪಲಿಯ ಅಟ್ಟೆ ಎತ್ತರಿಸಿದ್ದಾರೆ. ನೋವಂತೂ ಇಲ್ಲ.

ಹದಿನೈದು ವರ್ಷದ ಪ್ರಶ್ನೆಗೆ ಡಾಕ್ಟರು ಹೇಳಿದ್ದು, “ಮಾತು ಕೊಡಲಾರೆ. ವರ್ಷಕ್ಕೊಮ್ಮೆ ಎಕ್ಸ್‌ರೇಗೆ ಬನ್ನಿ” ಎಂದಷ್ಟೇ. ದೊಡ್ಡಮ್ಮನಿಗೆ ಆಗ ಎಪ್ಪತ್ತಾರು. “ನನಗೆ ಬೇಕಾದಷ್ಟು ಬಂದರೆ ಸಾಕು ಬಿಡಿ” ಎಂದರು.

ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರ ಹಿರಿಯರ ಆಪರೇಷನ್ ಒಂದು ಊರಲ್ಲಿ, ಮುಪ್ಪು ಇನ್ನೊಂದೂರಲ್ಲಿ. ಇವತ್ತೇ ಮನೆಗೆ ಫೋನ್ ಮಾಡಿ, ಆ ಸ್ಟಿಕ್ಕರಿನ ಫೋಟೊ ತರಿಸಿಟ್ಟುಕೊಳ್ಳಿ.