ದೀಪ ನಿರಪರಾಧಿ, ದುಪಟ್ಟಾ ಅಪರಾಧಿ!



ಬಸವಕಲ್ಯಾಣದ ಕಾಲೇಜೊಂದರ ಲ್ಯಾಬಿನಲ್ಲಿ ಹೊತ್ತಿದ ಬೆಂಕಿಯ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಬಂದಿದೆ, ಮತ್ತೆ ಹೇಳಬೇಕಿಲ್ಲ. ಆಮೇಲೆ ನಡೆದ ತಮಾಷೆ ಮಾತ್ರ ಬಂದಿಲ್ಲ. ಸುಟ್ಟದ್ದು ವಿದ್ಯಾರ್ಥಿನಿಯ ಮುಂಗೈ. ಮರುದಿನ ನೋಟಿಸ್ ಬೋರ್ಡಿಗೆ ಹತ್ತಿದ ಆದೇಶ: ‘ಪ್ರ್ಯಾಕ್ಟಿಕಲ್‌ಗೆ ಬರುವ ಹುಡುಗಿಯರು ದುಪಟ್ಟಾ ಪಿನ್ ಮಾಡಿಕೊಂಡು ಬರತಕ್ಕದ್ದು.’ ತನಿಖೆ ಮುಗಿಯಿತು! ಉರಿಯುವ ಸ್ಪಿರಿಟ್ ಲ್ಯಾಂಪಿಗೆ ಪ್ಲಾಸ್ಟಿಕ್ ಕ್ಯಾನಿನಿಂದ ಸ್ಪಿರಿಟ್ ಸುರಿದವರ ಬಗ್ಗೆ, ಹಾಗೆ ಸುರಿಯುವ ಗತಿ ತಂದವರ ಬಗ್ಗೆ ಒಂದಕ್ಷರವಿಲ್ಲ.

ನಾನು ಹುಮನಾಬಾದಿನವ, ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವ. ಸ್ಪಿರಿಟ್ಟಿನ ಆವಿಗೆ ಕಿಡಿ ತಾಗಿ ಹೊತ್ತಲು 15 ಡಿಗ್ರಿ ಆಸುಪಾಸಿನ ಉಷ್ಣತೆ ಸಾಕು. ನಮ್ಮ ಜಿಲ್ಲೆಯ ಬೇಸಿಗೆ 40 ದಾಟುತ್ತದೆ. ಹಗಲ ಬೆಳಕಿನಲ್ಲಿ ಆ ಜ್ವಾಲೆ ಸರಿಯಾಗಿ ಕಣ್ಣಿಗೆ ಬೀಳುವುದೂ ಇಲ್ಲ. ಆರಿದೆಯೆಂದು ತಿಳಿದು ಸುರಿದರೆ ಬೆಂಕಿ ಆ ಧಾರೆ ಹಿಡಿದೇ ಕ್ಯಾನಿಗೆ ಏರಿ, ಅದರ ಬಾಯಿಂದ ಎದುರಿಗೆ ನಿಂತವರ ಮೇಲೆ ಚಿಮ್ಮುತ್ತದೆ. ದುಪಟ್ಟಾಕ್ಕೆ ಹಾಕಿದ ಪಿನ್ ಕಂಡರೆ ಆ ಬೆಂಕಿ ನಾಚಿ ಹಿಂದೆ ಸರಿಯುತ್ತದೆಯೇ?

ಲ್ಯಾಂಪ್ ಆರಿಸಿ, ತಣ್ಣಗಾದ ಮೇಲೆ, ಉರಿಯುವ ದೀಪಗಳಿಂದ ದೂರ ಒಯ್ದು ತುಂಬಬೇಕು. ಬ್ಯಾಚಿಗೆ ಸಾಲುವಷ್ಟು ಲ್ಯಾಂಪೇ ಇಲ್ಲದಲ್ಲಿ ತಣ್ಣಗಾಗುವ ತನಕ ಕಾಯುವವರಾರು? ಪರಮ್ಯಾಂಗನೇಟ್ ಟೈಟ್ರೇಷನ್‌ಗೆ ಆಕ್ಸಾಲಿಕ್ ಆಮ್ಲ 60-70 ಡಿಗ್ರಿಗೆ ಕಾದರೆ ಸಾಕು; ವಾಟರ್ ಬಾತ್, ಒಂದೆರಡು ಹಾಟ್ ಪ್ಲೇಟ್ ಇದ್ದರೆ ಜ್ವಾಲೆಯೇ ಬೇಡ. ಅದಕ್ಕೆ ಅನುದಾನವಿಲ್ಲವಂತೆ. ಸ್ಮಾರ್ಟ್ ಬೋರ್ಡಿಗಿದೆ, ಕಮಾನಿಗಿದೆ, ಉದ್ಘಾಟನೆಯ ಕಲ್ಲಿಗಿದೆ. 2013ರಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕವೆಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಬಂತು. ಲ್ಯಾಬಿಗೆ ಒಂದು ಬಕೆಟ್ ಮರಳು ಬರಲಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಇದೆ ಎನ್ನುತ್ತಾರೆ. ಇದೆ, ಪ್ರಾಚಾರ್ಯರ ಕೋಣೆಯ ಹೊರಗೆ, ಬಂದವರಿಗೆ ಕಾಣುವ ಹಾಗೆ.

ಪಿಯು ಮಾತು ಬಿಡಿ, ಡಿಗ್ರಿಯ ಲ್ಯಾಬುಗಳಲ್ಲಿ ಇನ್ನೂ ಕೆಂಪಗೆ ಕಾದ ಕಾಯಿಲ್ ಒಲೆ, ಅದೇ ಮೇಜಿನ ಮೇಲೆ ಈಥರ್ ಬಾಟಲಿ ನೋಡಿದ್ದೇನೆ. ಈಥರಿಗೆ ಕಿಡಿಯೂ ಬೇಡ. ಉಷ್ಣತೆ 160-180 ಡಿಗ್ರಿ ಮುಟ್ಟಿದರೆ ತಾನೇ ಹೊತ್ತುತ್ತದೆ. ಅದರ ಆವಿ ಗಾಳಿಗಿಂತ ಭಾರ, ಮೇಜಿನುದ್ದ ತೆವಳಿ ಒಲೆಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಇಲ್ಲಿ ಕಲಿತ ಮಕ್ಕಳೇ ನಾಳೆ ಹುಮನಾಬಾದ್ ಕೈಗಾರಿಕಾ ಪ್ರದೇಶದ ಕೆಮಿಕಲ್ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗುವವರು. ಅಲ್ಲಿ ಇಂಥ ದ್ರಾವಕ ಇರುವುದು ಬಾಟಲಿಯಲ್ಲಲ್ಲ, ಡ್ರಮ್ಮಿನಲ್ಲಿ.

‘ಇಂಥ ಅವಘಡ ದೊಡ್ಡ ದೊಡ್ಡ ಕಡೆಯೇ ಆಗುತ್ತದೆ ಬಿಡಿ ಸರ್’ ಎಂದರು ಆ ಕಾಲೇಜಿನ ಆಡಳಿತ ಮಂಡಳಿಯ ಹಿರಿಯರೊಬ್ಬರು. ಆಗಿದೆ, ನಿಜ. 2009ರ ಡಿಸೆಂಬರ್ 29ರಂದು ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ರಸಾಯನ ಪ್ರಯೋಗಾಲಯದಲ್ಲಿ ಇಬ್ಬರು ಯುವ ಸಂಶೋಧಕರು ಬೆಂಕಿಗೆ ಬಲಿಯಾದರು. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲ್ಯಾಬಿನಲ್ಲಿ ಸಿಲಿಂಡರ್ ಸ್ಫೋಟಕ್ಕೆ ಒಬ್ಬರು ಸತ್ತು, ಮೂವರು ಗಾಯಗೊಂಡರು. ಇದನ್ನು ಕೇಳಿ ಎಚ್ಚರಾಗಬೇಕೋ, ಗುರಾಣಿ ಮಾಡಿಕೊಳ್ಳಬೇಕೋ?

ಬಸವಣ್ಣನವರ 108 ಅಡಿ ಪ್ರತಿಮೆ ನಿಲ್ಲಿಸಿದ ಊರು ಬಸವಕಲ್ಯಾಣ. ನೂರಾರು ಕೋಟಿಯ ಹೊಸ ಅನುಭವ ಮಂಟಪದ ಹೆಮ್ಮೆ ನಮಗೂ ಇದೆ. ಹನ್ನೆರಡನೆಯ ಶತಮಾನದಲ್ಲೇ ಹೆಣ್ಣುಮಕ್ಕಳು ಎದ್ದು ನಿಂತು ಪ್ರಶ್ನೆ ಕೇಳಿದ ಊರಿನಲ್ಲಿ, ಕೈ ಸುಟ್ಟುಕೊಂಡ ಹುಡುಗಿಯನ್ನು ‘ಏನಾಯಿತಮ್ಮಾ’ ಎಂದು ಕೇಳುವ ಮೊದಲೇ ತಪ್ಪು ಅವಳದ್ದೆಂದು ಬರೆದು ಅಂಟಿಸಿದರು.

ಮುಂದಿನ ಪ್ರ್ಯಾಕ್ಟಿಕಲ್ ಪರೀಕ್ಷೆಗೆ ಮೊದಲು ಪದವಿಪೂರ್ವ ಶಿಕ್ಷಣದ ಉಪನಿರ್ದೇಶಕರು ಬಸವಕಲ್ಯಾಣ, ಹುಮನಾಬಾದ್ ಎರಡೂ ತಾಲೂಕುಗಳ ಲ್ಯಾಬುಗಳಿಗೆ ಹೇಳದೆ ಕೇಳದೆ ಒಮ್ಮೆ ಬರಲಿ. ಹಾರ ಶಾಲು ಬೇಡ. ಸ್ಪಿರಿಟ್ ಕ್ಯಾನ್ ಎಲ್ಲಿಡುತ್ತಾರೆ ಎಂದು ಅಟೆಂಡರ್‌ನನ್ನು ಕೇಳಲಿ, ಸಿಲಿಂಡರಿನ ತಾರೀಖು ಓದಲಿ. ಆ ನೋಟಿಸನ್ನು ಮಾತ್ರ ಅವರು ಬರುವ ತನಕ ಕಾಯದೆ ಇವತ್ತೇ ಕಿತ್ತು ಹಾಕಬೇಕು.

– ನಿವೃತ್ತ ಉಪನ್ಯಾಸಕ, ಹುಮನಾಬಾದ್